ಮೋಡದ ದಿನದ ಬಿಸಿಲು

ಮಗಳ ಬಲಗೈ ಮೇಲೆ ಮೊದಲ ಮಚ್ಚೆ ಕಂಡಾಗ ಸುಣ್ಣ ಮೆತ್ತಿದೆ ಅಂದುಕೊಂಡು ಸೆರಗಿನ ತುದಿಯಿಂದ ಉಜ್ಜಿದೆ. ಹೋಗಲಿಲ್ಲ. ಎಂಜಲು ಹಚ್ಚಿ ಇನ್ನೊಮ್ಮೆ ಉಜ್ಜಿದೆ. "ಅಮ್ಮ, ಚರ್ಮ ಕಿತ್ಕೊಂಡು ಬರ್ತೈತೆ ಬಿಡು" ಅಂತ ಅವಳು ಕೈ ಎಳೆದುಕೊಂಡಳು. ಆಗ ಅವಳು ಏಳನೇ ಕ್ಲಾಸು. ಹುಣಸೆಬೀಜದಷ್ಟಿದ್ದ ಬಿಳಿ ಎರಡೇ ತಿಂಗಳಲ್ಲಿ ಹಳೆಯ ಎಂಟಾಣೆಯಷ್ಟಾಯಿತು. ಮಣಿಕಟ್ಟಿನ ಹತ್ತಿರ ಇನ್ನೊಂದು ಬಂತು. ಅದಕ್ಕೆ ನಮ್ಮ ಕಡೆ ಏನು ಹೆಸರಿದೆ ಅಂತ ಎಲ್ಲರಿಗೂ ಗೊತ್ತು, ಆದರೆ ಮನೆಯಲ್ಲಿ ಹೆಣ್ಣುಮಗು ಇದ್ದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಅದು" ಅನ್ನುತ್ತಾರೆ. ನಾನೂ ಹಾಗೇ ಅಂದೆ.

ನಾವಿರುವುದು ಜಗಳೂರಿನಲ್ಲಿ. ನಾನು ಅಲ್ಲಿಂದ ಸೊಕ್ಕೆ ಕಡೆಗೆ ಹೋಗುವ ಬಸ್ಸು ಹಿಡಿದು ಒಂದು ಹಳ್ಳಿಯ ಹೈಸ್ಕೂಲಿಗೆ ಹೋಗುತ್ತೇನೆ, ವಿಜ್ಞಾನ ಹೇಳಿಕೊಡುತ್ತೇನೆ. ಗಂಡನ ಕೆಲಸ ಹೊನ್ನಾಳಿಯಲ್ಲಿ. ಶನಿವಾರ ಸಂಜೆ ಬಂದರೆ ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತಾರೆ. ಹೀಗಾಗಿ ವಾರವಿಡೀ ಮನೆಯಲ್ಲಿ ನಾನು ಹೇಳಿದ್ದೇ ಮಾತು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಜೊತೆಗೆ ಎಲ್ಲ ನನಗೇ ಗೊತ್ತಿದೆ ಅನ್ನುವ ಮೇಷ್ಟರ ಕಾಯಿಲೆ ಬೇರೆ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ನ್ಯಾಮತಿಯಲ್ಲಿ ನಮ್ಮ ಅತ್ತಿಗೆಯೊಬ್ಬರಿದ್ದಾರೆ. ಮಗಳ ಕೈ ನೋಡಿ, "ಮೀನು ತಿಂದು ಹಾಲು ಕುಡಿದಾಳೇನೋ" ಅಂದರು. ಮೀನಿನ ಮುಖವನ್ನೇ ನೋಡದ ಮನೆ ನಮ್ಮದು. "ಅತ್ತಿಗೆ, ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶ ಸಾಯ್ತಾವೆ, ಅಷ್ಟೇ. ನನಗೆ ಪಾಠ ಹೇಳಾಕೆ ಬರಬೇಡ್ರಿ" ಅಂದೆ. ಅವರ ಮುಖ ಸಣ್ಣಗಾಯಿತು. ನನಗೆ ಒಳಗೊಳಗೇ ಹಿಗ್ಗಾಯಿತು. ಮೂಢನಂಬಿಕೆಗೆ ಒಂದು ಕೊಟ್ಟೆ ಅಂತ.

ದಾವಣಗೆರೆಗೆ ಕರೆದುಕೊಂಡು ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆವು. ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಅವರು ಒಂದು ಸಣ್ಣ ಬಾಟಲಿ ಔಷಧಿ ಬರೆದು, ಅದನ್ನು ಬಳಸುವ ರೀತಿಯನ್ನು ಎರಡು ಸಲ ಹೇಳಿದರು. ವಾರಕ್ಕೆ ಎರಡೇ ದಿನ, ಬೆಳಿಗ್ಗೆ. ಹತ್ತಿಯ ಕಡ್ಡಿಯಿಂದ ಮಚ್ಚೆಯ ಮೇಲೆ ಮಾತ್ರ ಹಚ್ಚಬೇಕು. ಅರ್ಧ ಗಂಟೆ ಬಿಟ್ಟು ಬೆಳಗಿನ ಬಿಸಿಲಿಗೆ ಹಿಡಿಯಬೇಕು, ಗಡಿಯಾರ ನೋಡಿ ಎರಡು ನಿಮಿಷ. ಆಮೇಲೆ ಸೋಪು ಹಾಕಿ ತೊಳೆದು, ದಿನವಿಡೀ ಅಲ್ಲಿಗೆ ಬಿಸಿಲು ತಾಗದಂತೆ ಮುಚ್ಚಬೇಕು. "ಔಷಧಿ ತಾನಾಗಿ ಏನೂ ಮಾಡಲ್ಲ. ಬಿಸಿಲು ಬಿದ್ದಾಗ ಕೆಲಸ ಶುರು ಮಾಡುತ್ತೆ. ಅದಕ್ಕೇ ಎರಡು ನಿಮಿಷ ಅಂದ್ರೆ ಎರಡೇ ನಿಮಿಷ. ಹೆಚ್ಚು ಮಾಡಬೇಕಾದಾಗ ನಾನು ಹೇಳ್ತೀನಿ, ನೀವಲ್ಲ." ನಾನು ತಲೆಯಾಡಿಸಿದೆ. ವಿಜ್ಞಾನದ ಮೇಷ್ಟ್ರು ಅಂತ ಪರಿಚಯ ಹೇಳಿಕೊಂಡಿದ್ದೆ ಬೇರೆ.

ಜೂನ್‌ನಿಂದ ನಮ್ಮ ತಾರಸಿಯ ಮೇಲೆ ಇದು ನಡೆಯಿತು. ಅವಳು ಕೈ ಚಾಚಿ ನಿಲ್ಲುವಳು, ನಾನು ಮೊಬೈಲಿನಲ್ಲಿ ಎರಡು ನಿಮಿಷಕ್ಕೆ ಅಲಾರಂ ಇಡುವೆ. ಗಂಟೆ ಬಾರಿಸಿದ ಕೂಡಲೇ ಅವಳು ಕೈಯನ್ನು ಲಂಗದೊಳಗೆ ಸುತ್ತಿಕೊಂಡು ಕೆಳಗೆ ಓಡುವಳು. ಆಗಸ್ಟ್ ಕೊನೆಗೆ ದೊಡ್ಡ ಮಚ್ಚೆಯ ನಡುವೆ ಕಂದು ಚುಕ್ಕಿಗಳು ಕಂಡವು, ರಾಗಿ ಕಾಳು ಎರಚಿದ ಹಾಗೆ. ಕೂದಲು ಹುಟ್ಟುವ ಜಾಗದಿಂದಲೇ ಬಣ್ಣ ವಾಪಸು ಬರುತ್ತದೆ ಅಂತ ಡಾಕ್ಟರಮ್ಮ ಹೇಳಿದ್ದರು. ಒಂಬತ್ತು ಚುಕ್ಕಿ ಎಣಿಸಿದೆವು. ಆ ದಿನ ಪಾಯಸ ಮಾಡಿದೆ. ಮಗಳು ಎಲ್ಲರಿಗೂ ಕೈ ತೋರಿಸಿಕೊಂಡು ಓಡಾಡಿದಳು. ನನಗೂ ಆಸೆ ಹತ್ತಿತು. ಒಂಬತ್ತು ಬಂದರೆ ತೊಂಬತ್ತು ಯಾಕೆ ಬೇಗ ಬರಬಾರದು ಅನ್ನುವ ಆಸೆ.

ದಸರಾ ರಜೆಗೆ ತವರಿಗೆ ಹೋದೆವು. ತವರು ಚನ್ನಗಿರಿ ಹತ್ತಿರ, ಸೂಳೆಕೆರೆ ನೀರು ಹರಿಯುವ ಊರು. ತೋಟ ನಮ್ಮದಲ್ಲ. ಬೇರೆಯವರ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿಕೊಡುವುದು ನಮ್ಮ ಮನೆತನದ ಕೆಲಸ. ಅಪ್ಪ ಹೋದ ಮೇಲೆ ಅವ್ವನೇ ನಿಂತು ಮಾಡಿಸುತ್ತಾಳೆ. ದಸರಾ ಹೊತ್ತಿಗೆ ಕಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೇಯಿಸಿದ ಅಡಿಕೆಗೆ ಅಡಿಕೆಯದೇ ಗಟ್ಟಿ ರಸ, ಚೊಗರು, ಹಿಡಿಸಿ ಬಿಸಿಲಿಗೆ ಹರಡಿದರೆ ಕೆಂಪು ಬಣ್ಣ ಕೂರುತ್ತದೆ. ಬಣ್ಣ ಕೂತರೆ ಅಡಿಕೆಗೆ ಬೆಲೆ. ಎಷ್ಟು ದಿನದ ಬಿಸಿಲು ಬೇಕು, ಯಾವ ಹೊತ್ತಿಗೆ ಕೈಯಾಡಿಸಬೇಕು, ಮೋಡ ಮುಚ್ಚಿದರೆ ಎಷ್ಟು ದಿನ ಹೆಚ್ಚು ಬಿಡಬೇಕು, ಇದೆಲ್ಲ ಅವ್ವನಿಗೆ ಅಡಿಕೆಯನ್ನು ಅಂಗೈಯಲ್ಲಿ ಅಲುಗಾಡಿಸಿದರೆ ಗೊತ್ತಾಗುತ್ತದೆ. ಚಿಕ್ಕಂದಿನಿಂದ ನಾನೂ ಅದನ್ನೇ ನೋಡಿ ಬೆಳೆದವಳು. ಬಿಸಿಲು ಅಂದರೆ ನಮ್ಮ ಮನೆಯ ಆಳು. ಅದು ಬರದ ದಿನ ಬೈಯುತ್ತೇವೆ, ಬಂದ ದಿನ ಇನ್ನಷ್ಟು ಕೆಲಸ ಹೇಳುತ್ತೇವೆ.

ನಾವು ಹೋದ ಮೊದಲ ಎರಡು ದಿನ ಜಿಟಿಜಿಟಿ ಮಳೆ. ಕಣದ ಅಡಿಕೆಗೆಲ್ಲ ಟಾರ್ಪಾಲು ಹೊದಿಸಿದ್ದರು. ಮಗಳ ಔಷಧಿಯ ದಿನ ತಪ್ಪಿತು. ಮೂರನೇ ದಿನ ಮಳೆ ನಿಂತಿತು, ಆದರೆ ಮೋಡ ಕರಗಲಿಲ್ಲ. ಆಕಾಶ ತೊಳೆಯದ ಅಲ್ಯೂಮಿನಿಯಂ ಪಾತ್ರೆಯ ಹಾಗಿತ್ತು. ಗಾಳಿ ತಣ್ಣಗೆ ಬೀಸುತ್ತಿತ್ತು. ಅವ್ವ ಟಾರ್ಪಾಲು ತೆಗೆಸಿ ಅಡಿಕೆ ಹರಡಿಸಿದಳು.

"ಇವತ್ತಾದ್ರೂ ಕೂಸಿಗೆ ಔಷಧಿ ಹಚ್ಚೇ" ಅಂದಳು.

"ಬಿಸಿಲೇ ಇಲ್ಲವಲ್ಲವ್ವ."

"ಇಲ್ದಿದ್ರೆ ಜಾಸ್ತಿ ಹೊತ್ತು ಕೂರ್ಸು. ಮೋಡ ಐತೆ ಅಂತ ಅಡಿಕೆ ಒಣಗ್ಸೋದು ಬಿಟ್ಟೀವೇನು? ಎರಡು ನಿಮಿಷ ಅನ್ನೋದು ಬಿಸಿಲಿನ ಲೆಕ್ಕ. ಮೋಡಕ್ಕೆ ಅಷ್ಟು ಸಾಲಾಕಿಲ್ಲ."

ಇದು ನನಗೆ ಸರಿ ಅನ್ನಿಸಿತು. ಸರಿ ಅನ್ನಿಸಿತು ಅಂದರೆ ಸಾಲದು, ಮಾತು ಅವ್ವನ ಬಾಯಿಂದ ಬರುವ ಮೊದಲೇ ನನ್ನ ತಲೆಯಲ್ಲಿ ಅದೇ ಇತ್ತು. ಚೊಗರು ಹಚ್ಚುವುದು, ಬಿಸಿಲಿಗೆ ಇಡುವುದು, ಬಣ್ಣ ಬರುವುದು. ಬಿಸಿಲು ಕಮ್ಮಿಯಾದರೆ ಹೊತ್ತು ಹೆಚ್ಚು ಮಾಡುವುದು. ಹತ್ತನೇ ಕ್ಲಾಸಿಗೆ ನೇರಳಾತೀತ ಕಿರಣ ಅಂತ ಬೋರ್ಡಿನ ಮೇಲೆ ಎಷ್ಟು ವರ್ಷ ಬರೆದಿದ್ದೇನೆ, ಕಣ್ಣಿಗೆ ಕಾಣುವುದಿಲ್ಲ, ಚರ್ಮಕ್ಕೆ ಬಿಸಿಯೂ ಗೊತ್ತಾಗುವುದಿಲ್ಲ ಅಂತ ಮಕ್ಕಳ ಬಾಯಲ್ಲಿ ಹೇಳಿಸಿದ್ದೇನೆ. ಆ ಪಾಠ ಶಾಲೆಯ ಬೋರ್ಡಿನಲ್ಲೇ ಉಳಿಯಿತು. ಕಣದಲ್ಲಿ ನಿಂತಿದ್ದವಳು ಅಡಿಕೆ ಬೇಯಿಸುವವಳ ಮಗಳು.

ಔಷಧಿ ಹಚ್ಚಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹನ್ನೆರಡು ಹೊಡೆಯಿತು. ಬೆಳಿಗ್ಗೆ ಅಂತ ಡಾಕ್ಟರಮ್ಮ ಹೇಳಿದ್ದು ಬಿಸಿಲು ಜೋರಾಗುವ ಮೊದಲು ಅಂತ ತಾನೇ, ಬಿಸಿಲೇ ಇಲ್ಲದ ಮೇಲೆ ಯಾವ ಹೊತ್ತಾದರೇನು ಅಂದುಕೊಂಡೆ. ಕಣದ ಕಟ್ಟೆಯ ಮೇಲೆ ಮಗಳನ್ನು ಕೂರಿಸಿ, ಕೈ ಚಾಚಿಸಿ, ಅರ್ಧ ಗಂಟೆ ಅಂದೆ. ಮೊದಲು ಅವಳು ಅಜ್ಜಿಯ ಜೊತೆ ಹರಟುತ್ತಾ ಕೂತಿದ್ದಳು. ಇಪ್ಪತ್ತು ನಿಮಿಷ ಆಗಿರಬಹುದು.

"ಅಮ್ಮ, ಚುರುಚುರು ಅಂತೈತೆ."

"ಅಂದ್ರೆ ಔಷಧಿ ಹಿಡೀತೈತೆ ಅಂತ. ಕೂತ್ಕೋ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಅಮ್ಮ, ಉರೀತೈತೆ. ನಿಜವಾಗ್ಲೂ."

"ಇಷ್ಟು ತಣ್ಣಗೈತೆ, ಉರಿ ಎಲ್ಲಿಂದ ಬಂತೇ? ಏಳಾಕೆ ನೆವ ಹುಡುಕ್ತೀಯ. ಬಣ್ಣ ಬರಬೇಕೋ ಬ್ಯಾಡ್ವೋ ನಿಂಗೆ?"

ಅವಳು ಕೈ ಮತ್ತೆ ಚಾಚಿದಳು. ನಾನು ಗಡಿಯಾರ ನೋಡಿದೆ. ಅರ್ಧ ಗಂಟೆ ಆಗಿತ್ತು. ನೋಡಿಯೂ, ಒಂದು ಸಲ ತಪ್ಪಿದೆಯಲ್ಲ, ಇನ್ನೊಂದು ಹತ್ತು ನಿಮಿಷ ಇರಲಿ ಅಂತ ಬಿಟ್ಟೆ. ಮರೆತು ಬಿಟ್ಟಿದ್ದರೆ ಇವತ್ತು ಇದನ್ನು ಬರೆಯುವುದು ಸುಲಭವಿತ್ತು. ಮರೆತಿರಲಿಲ್ಲ.

ಸಂಜೆಗೆ ಕೈ ಕೆಂಪಾಗಿತ್ತು. ಅವ್ವ ಕೊಬ್ಬರಿ ಎಣ್ಣೆ ಸವರಿದಳು. ಮಾರನೆಯ ದಿನ ಊದಿಕೊಂಡಿತು. ಅದರ ಮಾರನೆಯ ಬೆಳಿಗ್ಗೆ ಮಚ್ಚೆ ಇದ್ದ ಜಾಗದಲ್ಲಿ ದ್ರಾಕ್ಷಿ ಗಾತ್ರದ ಬೊಬ್ಬೆಗಳು. ಒಂದು ರಾತ್ರಿಯೇ ಒಡೆದು ಹಾಸಿಗೆ ಒದ್ದೆಯಾಗಿತ್ತು. ಮಗಳು ಅಳುತ್ತಿರಲಿಲ್ಲ. ಗೋಡೆ ಕಡೆ ತಿರುಗಿ ಹಲ್ಲು ಕಚ್ಚಿಕೊಂಡಿದ್ದಳು. ನಾನು ಮೊದಲು ಮಾಡಿದ ಕೆಲಸವೇನು ಗೊತ್ತೇ? ಅವ್ವನ ಮೇಲೆ ಹಾರಿಬಿದ್ದೆ. "ನಿನ್ನ ಮಾತು ಕೇಳಿ ಕೆಟ್ಟೆ. ಅವಳೇನು ಅಡಿಕೆಯೇನವ್ವ ಒಣಗ್ಸಾಕೆ?" ಅಂತ ಕೂಗಾಡಿದೆ. ಅಡಿಕೆ ಸುಲಿಯಲು ಬಂದ ಹೆಂಗಸರೆಲ್ಲ ಕತ್ತಿ ನಿಲ್ಲಿಸಿ ನೋಡಿದರು. ಅವ್ವ, "ಹೂಂ ಕಣವ್ವ, ನಂದೇ ತಪ್ಪು. ಮೊದ್ಲು ಕೂಸಿನ್ನ ಕರ್ಕೊಂಡೋಗು" ಅಂದಳು.

ದಾವಣಗೆರೆಯಲ್ಲಿ ಡಾಕ್ಟರಮ್ಮ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದರು. ಆಮೇಲೆ ನನ್ನ ಕಡೆ ನೋಡದೆ ಮಗಳನ್ನು ಕೇಳಿದರು, "ಎಷ್ಟು ಹೊತ್ತು ಕೂತಿದ್ದೆ ಪುಟ್ಟಿ? ಯಾರು ಕೂರ್ಸಿದ್ದು?"

"ನಾನೇ ಕೂತಿದ್ದೆ" ಅಂದಳು ಮಗಳು. "ಅಮ್ಮ ಒಳಗೆ ಬಾ ಅಂತ ಕರೀತಾನೇ ಇದ್ರು. ಬೇಗ ಬಣ್ಣ ಬರ್ಲಿ ಅಂತ ನಾನೇ ಏಳ್ಲಿಲ್ಲ."

ನಾನು ಮೇಜಿನ ಮೇಲಿದ್ದ ಪೆನ್ನಿನ ಡಬ್ಬಿ ನೋಡುತ್ತಾ ಕೂತೆ. ಡಾಕ್ಟರಮ್ಮ ಅವಳನ್ನು ಮೆಲ್ಲಗೆ ಗದರಿಸಿದರು, "ಅಮ್ಮನ ಮಾತು ಕೇಳ್ಬೇಕಮ್ಮ, ಅವರು ಟೀಚರ್ ಅಲ್ವಾ?" ಮಗಳು, "ಹೂಂ ಮೇಡಂ" ಅಂದಳು. ನನ್ನ ಪಾಪದ ಮೂಟೆಯನ್ನು ನನಗಿಂತ ದೊಡ್ಡವಳೊಬ್ಬಳು ಊರಲ್ಲಿ ಹೊತ್ತಳು, ನನಗಿಂತ ಚಿಕ್ಕವಳೊಬ್ಬಳು ಇಲ್ಲಿ ಹೊತ್ತಳು. ನಾನು ಕೈಬೀಸಿಕೊಂಡು ಆಸ್ಪತ್ರೆಯಿಂದ ಹೊರಗೆ ಬಂದೆ. ಗಂಡನಿಗೆ ಫೋನಿನಲ್ಲಿ, "ಮೋಡದ ಬಿಸಿಲು ಜಾಸ್ತಿ ತಾಗಿತಂತೆ" ಅಂತಷ್ಟೇ ಹೇಳಿದೆ.

ಡಾಕ್ಟರಮ್ಮ ಆ ದಿನ ಹೇಳಿ ಕಳಿಸಿದ್ದನ್ನು ನಾನು ಈಗ ನಿದ್ದೆಯಲ್ಲೂ ಹೇಳಬಲ್ಲೆ. ಸೂರ್ಯನ ಬಿಸಿ ಬೇರೆ, ಚರ್ಮ ಸುಡುವ ಕಿರಣ ಬೇರೆ. ಮೋಡ ಬಿಸಿಯನ್ನು ತಡೆಯುತ್ತದೆ, ಆ ಕಿರಣವನ್ನು ಬಹಳಷ್ಟು ಬಿಟ್ಟುಬಿಡುತ್ತದೆ. ತಣ್ಣಗಿದೆ ಅನ್ನುವುದು ಅದಕ್ಕೆ ಲೆಕ್ಕವಲ್ಲ. ನಡುಹಗಲಾದರೆ ಇನ್ನೂ ಜೋರು. ಅದರಲ್ಲೂ ಬಿಳಿಯಾದ ಜಾಗದಲ್ಲಿ ಚರ್ಮಕ್ಕೆ ತನ್ನದೇ ಛತ್ರಿ ಇರುವುದಿಲ್ಲ, ಅದಕ್ಕೆ ತುಂಬು ತೋಳು ಬೇಕು, ಸನ್‌ಸ್ಕ್ರೀನ್ ಬೇಕು. ಅದನ್ನು ಬೆಳಿಗ್ಗೆ ಒಮ್ಮೆ ಹಚ್ಚಿ ಬಿಟ್ಟರೆ ಆಗದು, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮೊಬೈಲಿನಲ್ಲಿ ಹವಾಮಾನ ನೋಡುವ ಕಡೆ ಯುವಿ ಅಂತ ಒಂದು ಅಂಕಿ ಇರುತ್ತದೆ. ಮೂರಕ್ಕಿಂತ ಕಡಿಮೆ ಇದ್ದರೆ ಹೆಚ್ಚಿನವರಿಗೆ ಹೆದರಿಕೆಯಿಲ್ಲ, ಮೂರು ಮುಟ್ಟಿದರೆ ಮೈ ಮುಚ್ಚಬೇಕು, ಎಂಟು ದಾಟಿದರೆ ನೆರಳು ಬಿಟ್ಟು ಹೋಗಬಾರದು. ಮೊಬೈಲು ಇಲ್ಲದಿದ್ದರೆ ನಿಮ್ಮ ನೆರಳು ನೋಡಿ ಅಂದರು. ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಅಂತ ಅರ್ಥ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಅಂಕಿ ನೋಡುವುದು ನನಗೆ ಹುಚ್ಚಾಯಿತು. ಬೆಳಿಗ್ಗೆ ಹಾಲು ಕಾಯಿಸುವಾಗ, ಬಸ್ಸಿನಲ್ಲಿ, ಪಾಠದ ನಡುವೆ. ಮೋಡದ ಒಂದು ದಿನ ಅದು ಏಳು ತೋರಿಸಿದಾಗ ಸ್ಟಾಫ್ ರೂಮಿನಲ್ಲಿ ಕೂತು ಅತ್ತೆ. ಶಾಲೆಯ ಪ್ರಾರ್ಥನೆಯನ್ನು ಬೇವಿನ ಮರದ ಕೆಳಗೆ ಮಾಡಿಸಿದೆ. ಹೊಲದಲ್ಲಿ ಶೇಂಗಾ ಕೀಳುವ ಹೆಂಗಸರಿಗೆ, ಕುರಿ ಕಾಯುವವರಿಗೆ, ತಲೆಗೆ ಬಟ್ಟೆ ಹಾಕಿಕೊಳ್ಳಿ ಅಂತ ಹೇಳಿದೆ. ಅವರು ಮೊದಲೇ ತಲೆಗೆ ಬಟ್ಟೆ ಕಟ್ಟಿಕೊಂಡೇ ಇದ್ದರು. ಒಬ್ಬಾಕೆ ನಕ್ಕು, "ನಮಗೆ ಗೊತ್ತೈತ್ರಿ ಟೀಚರೇ, ನೀವೇ ಬರಿ ತಲೇಲಿ ನಿಂತೀರಿ" ಅಂದಳು. ಊರಿಗೆಲ್ಲ ಬುದ್ಧಿ ಹೇಳುತ್ತಾ ತಿರುಗಿದೆ. ಅವ್ವನಿಗೆ, ಮಗಳಿಗೆ ಹೇಳಬೇಕಾದ ಮಾತನ್ನು ಮಾತ್ರ ಹೇಳಲಿಲ್ಲ.

ಬೊಬ್ಬೆ ಒಣಗಲು ಮೂರು ವಾರ ಬೇಕಾಯಿತು. ಒಂಬತ್ತು ಚುಕ್ಕಿಗಳೂ ಹೋದವು. ಸುಟ್ಟ ಜಾಗದಲ್ಲೆಲ್ಲ ಬಿಳಿ ಹರಡಿ ಮಚ್ಚೆ ಎರಡರಷ್ಟಾಯಿತು, ಸುತ್ತ ಕಪ್ಪು ಅಂಚು. ಅದಕ್ಕಿಂತ ನನ್ನನ್ನು ತಿಂದದ್ದು ಬೇರೆ. ಮಗಳು ನೋವು ಹೇಳುವುದನ್ನೇ ನಿಲ್ಲಿಸಿದಳು. ಹೊಸ ಶೂ ಕಚ್ಚಿ ಹಿಮ್ಮಡಿಯಲ್ಲಿ ರಕ್ತ ಬಂದು ಕಾಲುಚೀಲ ಅಂಟಿಕೊಂಡಿತ್ತು, ಒಗೆಯಲು ಹಾಕಿದಾಗಲೇ ನನಗೆ ಗೊತ್ತಾದದ್ದು. "ಯಾಕೆ ಹೇಳ್ಲಿಲ್ಲ?" ಅಂದರೆ, "ನೋಯ್ಲಿಲ್ಲ" ಅಂದಳು. ಜ್ವರ ಬಂದು ಮೈ ಕಾಯುತ್ತಿದ್ದರೂ, "ಏನಿಲ್ಲಮ್ಮ." ಬಿಸಿಲಿನಲ್ಲಿ ಆಟ ಆಡಿ ಕೆನ್ನೆ ಕೆಂಪಾಗಿ ಬಂದಾಗ, "ಉರೀತೈತಾ?" ಅಂತ ಕೇಳಿದರೆ, ನನ್ನ ಮುಖ ನೋಡಿ, ಯಾವ ಉತ್ತರ ನನಗೆ ಬೇಕು ಅಂತ ಹುಡುಕಿ, "ಇಲ್ಲ" ಅನ್ನುತ್ತಿದ್ದಳು. ಅವಳಿಗೆ ಈಗ ಹದಿಮೂರು. ಮುಂದೆ ದೊಡ್ಡ ನೋವುಗಳು ಬರುತ್ತವೆ. ಅವನ್ನೂ ಹೀಗೇ ನುಂಗಿದರೆ, ನನ್ನ ಹತ್ತಿರ ಬಾರದೇ ಹೋದರೆ ಅನ್ನುವ ಹೆದರಿಕೆ. ಬಣ್ಣ ಬರದಿದ್ದರೆ ಬೇಡ, ಅವಳು "ಉರೀತೈತೆ" ಅಂತ ಇನ್ನೊಂದು ಸಲ ನನಗೆ ಹೇಳಿದರೆ ಸಾಕಾಗಿತ್ತು.

ಮಾರ್ಚ್‌ನಲ್ಲಿ ಡಾಕ್ಟರಮ್ಮ ಮತ್ತೆ ಬರಹೇಳಿದ್ದರು. ಬಿಸಿಲು ಬೇಡದ ಇನ್ನೊಂದು ಮುಲಾಮು ಬರೆದುಕೊಟ್ಟರು. ಕೊನೆಗೆ, "ಈ ಸಲ ಅಮ್ಮನ ಮಾತು ಕೇಳ್ತೀಯಲ್ಲ?" ಅಂತ ನಗುತ್ತಾ ಅಂದರು. ಮಗಳು ತಲೆಯಾಡಿಸಿದಳು. ನನಗೆ ತಡೆಯಲಾಗಲಿಲ್ಲ.

"ಮೇಡಂ, ಅವತ್ತು ಅವಳಾಗಿ ಕೂತಿದ್ದಲ್ಲ. ನಾನೇ ಕೂರಿಸಿದ್ದು. ಉರೀತಿದೆ ಅಂತ ಎರಡು ಸಲ ಹೇಳಿದಳು. ನಾನು ಏಳಾಕೆ ಬಿಡಲಿಲ್ಲ. ಗಡಿಯಾರ ನೋಡ್ಕೊಂಡೇ ಬಿಡಲಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಅವರು ಮಗಳ ಕಡೆ ತಿರುಗಿ, "ಸುಮ್ಮನೆ ನಿನ್ನ ಗದರಿಸಿಬಿಟ್ಟೆ ಪುಟ್ಟಿ" ಅಂದರು. ಮಗಳು ತಲೆ ಎತ್ತಲಿಲ್ಲ.

ಜಗಳೂರು ಬಸ್ಸು ಹತ್ತಿದೆವು. ಅವಳಿಗೆ ಕಿಟಕಿ ಸೀಟು ಇಷ್ಟ, ಕೂರಿಸಿದೆ. ಬಸ್ಸು ದಾವಣಗೆರೆ ದಾಟಿತು. ಆಮೇಲೆ ಇದ್ದಕ್ಕಿದ್ದಂತೆ ನನ್ನ ತೋಳಿಗೆ ಗುದ್ದಿದಳು. ಮೆಲ್ಲಗಲ್ಲ, ಜೋರಾಗಿ.

"ಅವತ್ತೇ ಯಾಕೆ ಹೇಳ್ಲಿಲ್ಲ? ನಾನು ಸುಳ್ಳು ಹೇಳ್ವಾಗ ಯಾಕೆ ಸುಮ್ಕೆ ಕೂತಿದ್ದೆ? ನೀನು ಇಲ್ಲ ಅಂತೀಯ ಅಂತ ಕಾಯ್ತಿದ್ದೆ ನಾನು."

ಮುಂದಿನ ಸೀಟಿನವರು ತಿರುಗಿ ನೋಡಿದರು. ಅವಳು ಅಳುತ್ತಿದ್ದಳು, ಅಕ್ಟೋಬರ್‌ನಲ್ಲಿ ಅಳದೆ ಉಳಿಸಿದ್ದನ್ನೆಲ್ಲ. "ಹೆದರಿಕೊಂಡೆ ಕಣೆ. ತಪ್ಪಾಯ್ತು" ಅಂದೆ. ಅಜ್ಜಿಗೂ ಇವತ್ತೇ ಫೋನ್ ಮಾಡಿ ಹೇಳ್ತೀನಿ, ನಿಮ್ಮಪ್ಪನಿಗೂ ಹೇಳ್ತೀನಿ ಅಂದೆ. ಅವಳು ಮೂಗು ಒರೆಸಿಕೊಂಡು ಹೊರಗೆ ನೋಡಿದಳು. ಕ್ಷಮಿಸಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ.

ರಸ್ತೆ ಒಂದು ಕಡೆ ತಿರುಗಿತು. ಇಳಿಬಿಸಿಲು ನಮ್ಮ ಕಿಟಕಿಗೆ ನೇರ ಬಿತ್ತು, ಅವಳ ಕೆನ್ನೆ, ಕುತ್ತಿಗೆ, ತೋಳು ತುಂಬ. ಅವಳು ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು. ನಾನು ಕೇಳಲಿಲ್ಲ, ನನ್ನ ಪ್ರಶ್ನೆಗೆ ಯಾವ ಉತ್ತರ ಬರುತ್ತದೆ ಅಂತ ಗೊತ್ತಿತ್ತಲ್ಲ. ಮೊಬೈಲನ್ನೂ ತೆಗೆಯಲಿಲ್ಲ. ಕೈ ಕಟ್ಟಿಕೊಂಡು ಕಾದೆ.

"ಅಮ್ಮ, ಉರೀತೈತೆ" ಅಂದಳು, ಇನ್ನೂ ಸಿಟ್ಟಿನಲ್ಲೇ. "ನೀನೇ ಈ ಕಡೆ ಕೂತ್ಕೋ."

ನಾನು ಎದ್ದು ಕಿಟಕಿಯ ಪಕ್ಕ ಕೂತೆ.